ಹೊನ್ನತ್ತೆಯ ಮಡಿಲಲ್ಲಿದ್ದ ತಟ್ಟೆ

"ಈ ಸಲ ಮೂಗು ತೂರಿಸ್ಬ್ಯಾಡ, ಬಾಯಿ ಹಾಕ್ಬ್ಯಾಡ, ತಲೆ ಹಾಕ್ಬ್ಯಾಡ ಕಣಕ್ಕಾ," ಎಂದು ಅಪ್ಪ ತನ್ನ ಅಕ್ಕನಿಗೆ ಕೈಮುಗಿದ.

"ಅಂಗಾರೆ ಬರೀ ಮುಂಡ ತಂದು ಕೂರಿಸ್ಲೇನ್ಲಾ ಶಾಂತರಾಜು?" ಎಂದಳು ಹೊನ್ನತ್ತೆ.

ಅಪ್ಪನ ಭಯಕ್ಕೆ ಕಾರಣವಿತ್ತು. ಹೋದ ವರ್ಷ ನನ್ನನ್ನು ನೋಡಲು ಕೊರವಂಗಲದಿಂದ ಬಂದ ಹುಡುಗನನ್ನು ಅತ್ತೆ, "ತಲೆಗೆ ಬಣ್ಣ ಯಾಕಪ್ಪಾ, ವಯಸ್ಸೆಷ್ಟು?" ಎಂದು ಕೇಳಿದ್ದಳು. ಅವರು ಉಪ್ಪಿಟ್ಟನ್ನೂ ಮುಟ್ಟದೆ ಎದ್ದುಹೋದರು. ಅಂದಿನಿಂದ ಹಳ್ಳಿಮೈಸೂರಿನ ನಮ್ಮ ಬೀದಿಗೆಲ್ಲ ಅವಳು ಅಧಿಕಪ್ರಸಂಗಿ. ನೆರೆಮನೆಯ ಕಿಟಕಿಯಲ್ಲಿ ಇಣುಕಿ "ಏನ್ ಸಾರು?" ಎನ್ನುವುದಕ್ಕೆ ಅವಳು ಮಾತ್ರ 'ವಿಚಾರಿಸ್ಕೊಳ್ಳೋದು' ಎನ್ನುತ್ತಾಳೆ.

ಈ ಸಲ ಬಂದವರು ಹಿರೀಸಾವೆಯವರು. ಹುಡುಗ ಮನೋಹರ ಹೈಸ್ಕೂಲ್ ಮೇಷ್ಟ್ರು; ಜೊತೆಗೆ ಅವನ ತಾಯಿ ಮಾದಮ್ಮ. ನನಗೆ ಹುಡುಗ ಒಪ್ಪಿಗೆಯೇ. ಕಳವಳ ಒಂದೇ. ನಾನು ಹೊಳೆನರಸೀಪುರದ ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾದ ಮೇಲೆ ಕೆಲಸ ಬಿಡಿಸಿಬಿಟ್ಟರೆ? ಅಪ್ಪ ಕೇಳಲೊಲ್ಲ, ಸಂಬಂಧ ಮುರಿದೀತೆಂದು. ನಾನೋ, ಅಜ್ಜ ರಾಗವಾಗಿ ಹೇಳುತ್ತಿದ್ದ ಪದಗಳನ್ನು ಮೂಲೆಯಲ್ಲಿ ಸುಮ್ಮನೆ ಕೂತು ಆಲಿಸಿ ಬೆಳೆದವಳು. ಹಿರಿಯರ ನಡುವೆ ದನಿಯೇ ಏಳದು. ನಮ್ಮಲ್ಲಿ ಎಲೆ-ಅಡಿಕೆ ತಟ್ಟೆ ಕೈ ಬದಲಾಯಿಸಿತೆಂದರೆ ಮಾತು ಮುಗಿದಂತೆ. ಆಮೇಲೆ ಏನನ್ನೂ ಕೇಳುವಂತಿಲ್ಲ.

ಆ ತಟ್ಟೆ ಮಡಿಲಲ್ಲಿಟ್ಟುಕೊಂಡು ಹೊನ್ನತ್ತೆ ತುಟಿ ಬಿಗಿದು ಕೂತಿದ್ದಳು. ಮಳೆ, ಶುಂಠಿ, ಬಸ್ಸಿನ ಮಾತೆಲ್ಲ ಮುಗಿಯಿತು.

"ಕೊಡಕ್ಕ ತಟ್ಟೆಯ," ಎಂದ ಅಪ್ಪ.

ಅತ್ತೆ ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡು ನನ್ನನ್ನೇ ನೋಡಿದಳು. ಅಪ್ಪ ಎಳೆದ. ಅವಳು ಬಿಡಲಿಲ್ಲ. ಒಂದು ಅಡಿಕೆ ಉರುಳಿ ಮನೋಹರನ ಕಾಲ ಬಳಿ ನಿಂತಿತು.

"ಯಾಕಕ್ಕಾ, ನಮ್ ಹುಡ್ಗ ಇಷ್ಟ ಆಗ್ಲಿಲ್ವಾ?" ಎಂದರು ಮಾದಮ್ಮ.

ಅತ್ತೆ ಗದ್ದದಲ್ಲೇ ಅಪ್ಪನನ್ನು ತೋರಿಸಿದಳು.

ಮನೆಯಲ್ಲಿ ದಿನವೂ ಹೇಳುವ ಬುದ್ಧವಂದನೆಯ ಮೊದಲ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡೆ. "ಬಾಯಿ ಹಾಕು ಅತ್ತೆ," ಎಂದೆ. ಹೇಗೋ ದನಿ ಬಂತು.

ಅತ್ತೆಗೆ ಅಷ್ಟು ಸಾಕಾಗಿತ್ತು. "ನೋಡವ್ವಾ, ನಮ್ ಯಶೋಧರಾ ಕಷ್ಟಪಟ್ಟು ನರ್ಸಾದೋಳು. ಕೆಲ್ಸ ಬುಡಿಸ್ತೀರಾ? ಬುಡಿಸಂಗಿದ್ರೆ ಈ ತಟ್ಟೆ ನನ್ ಮಡ್ಲಲ್ಲೇ ಇರ್ಲಿ!"

ಅಪ್ಪ ತಲೆಯ ಮೇಲೆ ಕೈಹೊತ್ತ.

"ಅಯ್ಯೋ, ಬುಡಿಸೋರ್ಯಾರಕ್ಕಾ!" ಮಾದಮ್ಮ ತೊಡೆ ತಟ್ಟಿಕೊಂಡು ನಕ್ಕರು. "ನಿಮ್ ಹುಡ್ಗಿ ಎಲ್ಲಿ ಕೆಲ್ಸ ಬುಟ್ಬುಡ್ತಾಳೋ ಅಂತ ನಾನೇ ಕೇಳಾನ ಅಂತಿದ್ದೆ. 'ಎಲ್ಲದುಕ್ಕೂ ಮೂತಿ ತೂರಿಸ್ಬ್ಯಾಡ ಕಣವ್ವಾ' ಅಂತ ಇವ್ನು ಬಸ್ಸಲ್ಲೇ ಆಣೆ ಆಕಿಸ್ಕೊಂಡು ಕರ್ಕೊಂಡ್ ಬಂದವ್ನೆ!"

ಮನೋಹರ ಬಗ್ಗಿ ಅಡಿಕೆ ಎತ್ತಿಕೊಂಡ. ಕಿವಿ ಕೆಂಪಾಗಿತ್ತು. "ಇವ್ರಿಗೆ ನಮ್ಮೂರ ಹತ್ರ ಚನ್ನರಾಯಪಟ್ಟಣಕ್ಕೆ ವರ್ಗ ಸಿಗೋಗಂಟ ವಾರವಾರ ನಾನೇ ಇಲ್ಲಿಗೆ ಬತ್ತೀನಿ," ಎಂದ.

ತಟ್ಟೆ ಕೈ ಬದಲಾಯಿಸಿತು. ಹೊನ್ನತ್ತೆ ಮಾದಮ್ಮನ ಪಕ್ಕಕ್ಕೆ ಜರುಗಿ ಕೂತಳು.

"ಅದಿರ್ಲಿ ಬೀಗ್ತಿ, ನಿಮ್ ಬೀಪಿ ಎಷ್ಟದೆ?"

"ನಿಮ್ದೆಷ್ಟು, ಅದ್ನ ಮೊದ್ಲು ಯೋಳಿ!"

ಅಪ್ಪ, ಮನೋಹರ ಮುಖ ಮುಖ ನೋಡಿಕೊಂಡರು. ನಾನು ನಗುತ್ತ ಬೀಪಿ ಮಿಷನ್ ತರಲು ಒಳಗೆ ಓಡಿದೆ.