ಚಿಗುರಿದ ನೇಣುಗಂಬ

೧

ಎಲ್ಲಿಂದ ಶುರು ಮಾಡಲಿ? ಹಡಗಿನಿಂದ ಮಾಡಬಹುದು. ಸಮುದ್ರದಾಚೆಯಿಂದ ಬಂದವರ ಕಥೆ ಬರೆಯುವವರೆಲ್ಲ ಹಡಗಿನಿಂದಲೇ ಶುರು ಮಾಡುತ್ತಾರೆ. ದಡದಲ್ಲಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಇಶ್ ಕನುಲ್ ಹಾಗೆ ನೋಡಲಿಲ್ಲ. ಆ ದಿನ ಅವಳಿಗೆ ಅವರೆ ಬಿಡಿಸುವ ಕೆಲಸವಿತ್ತು. ಹಾಗಾಗಿ ಹಡಗಿನ ಡ್ರಾಫ್ಟ್ ಹರಿದುಹಾಕಿದೆ. (ಮೂರು ಪುಟ. ಅಲೆಗಳ ವರ್ಣನೆ ಚೆನ್ನಾಗಿತ್ತು, ಹೋಗಲಿ.)

೧, ಇನ್ನೊಮ್ಮೆ

ಸ್ಪೇನಿನವರು ಸಮುದ್ರ ದಾಟಿ ಬಂದಿಳಿದ ಯುಕತಾನಿನ ಕಲ್ಲುನೆಲದಲ್ಲಿ ಒಂದು ಹೊಲ. ಅದು ವಿಧವೆ ಇಶ್ ಕನುಲಳದು. ಕಲ್ಲಿನ ಸಂದುಗಳಲ್ಲಿ ಕೋಲಿನಿಂದ ಕುಳಿ ಮಾಡಿ ಮೆಕ್ಕೆಜೋಳ ಬಿತ್ತುವವಳೂ ಅವಳೇ, ಕುಯ್ಯುವವಳೂ ಅವಳೇ. ಎರಡು ವರ್ಷ ಸ್ಪೇನಿನ ಸಿಪಾಯಿಗಳಿಗೆ ರೊಟ್ಟಿ ತಟ್ಟಿ ತಟ್ಟಿ ಅವರ ಮಾತೂ ಅವಳಿಗೆ ಬಂದಿತ್ತು. ಬೈಗುಳ ಮೊದಲು, ಉಳಿದದ್ದು ಆಮೇಲೆ.

ಆ ಹೊಲವನ್ನೇ ದಳವಾಯಿ ಬೆರ್ಮೂದೊ ತನ್ನ ಹೊಸ ಊರಿನ ಚೌಕಕ್ಕೆಂದು ಆರಿಸಿದ. ಅವರಲ್ಲಿ ಊರು ಕಟ್ಟುವುದೆಂದರೆ ಮೊದಲು ಮನೆಯಲ್ಲ, ಬಾವಿಯಲ್ಲ, ನೇಣುಗಂಬ. ಅದನ್ನು ನೆಟ್ಟು, ಕತ್ತಿಯಿಂದ ಕಚ್ಚು ಹಾಕಿ, "ಯಾರದಾದರೂ ತಕರಾರಿದೆಯೇ?" ಎಂದು ಮೂರು ಸಲ ಕೂಗಬೇಕು. ಯಾರೂ ಸೊಲ್ಲೆತ್ತದಿದ್ದರೆ ಕರಣಿಕ ಬರೆದುಕೊಳ್ಳುತ್ತಾನೆ. ಮೊದಲ ಮಳೆ ಕಳೆದ ಮೇಲೂ ಕಂಬ ನೆಟ್ಟಗಿದ್ದರೆ ಮುದ್ರೆ ಒತ್ತುತ್ತಾನೆ, ನೆಲ ರಾಜನದಾಗುತ್ತದೆ. ಮುದ್ರೆ ಬೀಳದಿದ್ದರೆ ನೆಲ ಬಿತ್ತಿದವರಿಗೇ ವಾಪಸ್.

ಬೆರ್ಮೂದೊ ಕೂಗಿದ್ದು ಸುಡುಬೇಸಿಗೆಯ ಮಧ್ಯಾಹ್ನ. ಉತ್ತರ ಕೊಟ್ಟಿದ್ದು ಒಂದು ಟರ್ಕಿ ಕೋಳಿ ಮಾತ್ರ. ಕರಣಿಕ ಅದನ್ನು ಬರೆದುಕೊಳ್ಳಲಿಲ್ಲ.

"ನೀನು ಅಲ್ಲೇ ಇದ್ದೆಯಲ್ಲ, ಯಾಕೆ ಸುಮ್ಮನಿದ್ದೆ?" ಎಂದು ಇಶ್ ಕನುಲಳನ್ನು ಕೇಳಿದೆ.

"ಕತ್ತಿ ಹಿಡ್ಕೊಂಡು ಕೇಳೋನಿಗೆ ಯಾರಾದ್ರೂ ತಕ್ಷಣ ಉತ್ತರ ಕೊಡ್ತಾರೇನಪ್ಪ? ಕಥೆ ಬರಿಯೋನು ನೀನು, ಅಷ್ಟೂ ಗೊತ್ತಾಗಲ್ವಾ?"

೨

ಕಂಬ ಎಲ್ಲಿಂದ ಬಂತು ಎಂದು ಹೇಳುವುದನ್ನೇ ಮರೆತೆ. (ಅನುಭವಿ ಕಥೆಗಾರ!) ಇಲ್ಲಿನ ಮರಗಳು ಕಬ್ಬಿಣದಂತೆ, ಸಿಪಾಯಿಗಳ ಕೊಡಲಿ ಪುಟಿದು ಪುಟಿದು ಅವರ ಹಣೆಗೇ ಬರುತ್ತಿತ್ತು. ಸೋತು ಸುಣ್ಣವಾಗಿ ರೊಟ್ಟಿಯಮ್ಮನ ಹತ್ತಿರ ಬಂದರು.

"ಅಮ್ಮಾ, ಸಲೀಸಾಗಿ ಕಡಿಯೋಕೆ ಬರೋ ಮರ ಯಾವ್ದೂ ಇಲ್ವಾ?"

"ಅದೋ ಅಲ್ಲಿ. ಕೆಂಪಗಾಗಿ ಸಿಪ್ಪೆ ಸುಲೀತಿದೆ ನೋಡು, ನಿನ್ನ ಮೂಗಿನ ಥರ."

ಅರ್ಧ ಗಂಟೆಯಲ್ಲಿ ಕಂಬ ಸಿದ್ಧ. ಆ ಮರವನ್ನು ಇಲ್ಲಿನವರು ಬೇಲಿಗೆ ಹಾಕುತ್ತಾರೆ. ಕಡಿದು ನೆಟ್ಟರಾಯಿತು, ಒಂದು ಮಳೆಗೆ ಬೇರು ಬಿಡುತ್ತದೆ. ಇದು ನಡೆಯಲು ಕಲಿತ ಮಗುವಿಗೂ ಗೊತ್ತು. ಸಿಪಾಯಿಗಳು ಕೇಳಲಿಲ್ಲ, ಅವಳು ಹೇಳಲಿಲ್ಲ.

೪

(ಮೂರನೆಯದನ್ನು ತೆಗೆದುಹಾಕಿದ್ದೇನೆ. ಅದರಲ್ಲಿ ಇಶ್ ಕನುಲ್ ಮತ್ತು ಕರಣಿಕ ಪೆರಾಲ್ಟನ ನಡುವೆ ಸಣ್ಣ ಪ್ರೇಮವಿತ್ತು. ಅವಳಿಗೆ ಓದಿ ಹೇಳಿದೆ. "ಅವನ ಬಾಯಿ ವಾಸನೆ ನೋಡಿದ್ದೀಯಾ ನೀನು?" ಎಂದಳು.)

ಮಳೆ ಬಿತ್ತು. ನಾಲ್ಕು ದಿನ ಬಿಡದೆ ಬಿತ್ತು. ಐದನೆಯ ಬೆಳಗ್ಗೆ ಪೆರಾಲ್ಟ ಮುದ್ರೆ ಹಿಡಿದು ಬಂದ, ಬೆರ್ಮೂದೊ ಮೀಸೆ ತಿರುವುತ್ತ ಬಂದ, ಇಶ್ ಕನುಲ್ ಬೀಜದ ಚೀಲ ಹೊತ್ತು ಬಂದಳು.

"ನಂದು ತಕರಾರಿದೆ," ಎಂದಳು. "ಕಂಬ ಎಲ್ಲಿ? ನಂಗೆ ಮರ ಕಾಣಿಸ್ತಿದೆ."

ಪೆರಾಲ್ಟ ಒಂದು ಸುತ್ತು ಹಾಕಿದ. "ದಣಿ, ಎಲೆ ಬಿಟ್ಟಿದೆ."

"ಕಿತ್ತು ಬಿಸಾಕು!"

"ನಿನ್ನೆಯೂ ಕಿತ್ತಿದ್ದೆ. ಮೊನ್ನೆಯೂ. ಮರಕ್ಕೆ ಮುದ್ರೆ ಒತ್ತಿದ್ರೆ ಮೇಲಿನವರು ನನ್ನ ಕೈ ಕಡೀತಾರೆ."

"ಹಾಗಾದ್ರೆ ಇದನ್ನ ಕಡಿದು ಬೇರೇದು ನೆಡೋ!"

"ನೇಣುಗಂಬ ಕಡಿದ್ರೆ ರಾಜದ್ರೋಹ, ದಣಿ. ನೇಣು."

"ಯಾವುದಕ್ಕೆ ಹಾಕ್ತೀಯಾ?"

"ಇದಕ್ಕೇ."

"ಕಡಿದಾದ ಮೇಲೆ?"

ಪೆರಾಲ್ಟ ಕಾಗದ ತಿರುವಿ ನೋಡಿದ, ಹಿಂಬದಿಯನ್ನೂ ನೋಡಿದ. "ಅದನ್ನ ಬರೆದಿಲ್ಲ."

೫

ಈಗ ಕ್ಲೈಮ್ಯಾಕ್ಸ್. ನನ್ನ ಹತ್ತಿರ ಮೂರಿವೆ.

ಬೆರ್ಮೂದೊ ಗಂಟುಮೂಟೆ ಕಟ್ಟಿ ಪಕ್ಕದ ಊರಿಗೆ ಹೋಗುತ್ತಾನೆ. (ಪಕ್ಕದ ಊರಿನವರು ನನಗೆ ಶಾಪ ಹಾಕುತ್ತಾರೆ.)

ಸಿಟ್ಟಿನಲ್ಲಿ ಕಡಿದೇ ಬಿಡುತ್ತಾನೆ. ಬುಡವೂ ಚಿಗುರುತ್ತದೆ, ಬಿದ್ದ ತುಂಡೂ ಚಿಗುರುತ್ತದೆ. ನಗಲು ಇದು ಸಾಕು.

ಮೂರನೆಯದು ನಿಮಗೂ ಗೊತ್ತಿರುವುದೇ. ಇಂಥವರು ಎಲೆಯೊಂದಕ್ಕೆ ಹೆದರಿ ವಾಪಸ್ ಹೋದವರಲ್ಲ. ಇನ್ನೊಂದು ಕಾಗದ ಬರುತ್ತದೆ, ಇನ್ನೊಬ್ಬ ಕರಣಿಕ ಬರುತ್ತಾನೆ. ಇದನ್ನು ಬರೆಯಲು ಕೂತೆ. ಒಂದು ಸಾಲೂ ಆಗಿರಲಿಲ್ಲ.

"ಏನು ಗೀಚ್ತಿದ್ದೀಯಾ?" ಇಶ್ ಕನುಲ್ ಕೇಳಿದಳು.

"ಕೊನೆ."

"ಯಾರ್ದು?"

ನಾನು ಕಾಗದ ಮಡಚಿ ಎದ್ದು ನಿಂತೆ.

"ನೋಡಪ್ಪಾ, ಇಷ್ಟು ವರ್ಷ ನಮ್ಮ ಜೊತೆ ಇದ್ದೀಯ, ನನ್ನ ಕೈಯ ರೊಟ್ಟಿ ತಿಂದಿದ್ದೀಯ. ಅವನ ಹತ್ರಾನೂ ಕಾಗದ, ನಿನ್ನ ಹತ್ರಾನೂ ಕಾಗದ. ಇಬ್ರಿಗೂ ನನ್ನ ಹೊಲ ಮುಗಿಸೋ ಆತುರ. ಇವತ್ತು ನೆಲ ನೆಂದಿದೆ, ಬಿತ್ತಬೇಕು. ನಂಗೆ ಗೊತ್ತಿರೋದು ಅಷ್ಟೇ."

"ಬೆರ್ಮೂದೊ ಕೊಡಲಿ ತರಿಸಿದ್ದಾನೆ, ನೋಡು!"

"ತರಿಸ್ಲಿ ಬಿಡು. ಅವನು ಯೋಚನೆ ಮಾಡಿ ಮುಗಿಸೋದ್ರೊಳಗೆ ನಂದು ಎರಡು ಸಾಲು ಆಗುತ್ತೆ."

ಕೋಲಿನ ತುದಿ ನನ್ನ ಹೆಬ್ಬೆರಳಿನ ಹತ್ತಿರ ಬಂದು ನಿಂತಿತು.

"ಕಾಲು ತೆಗಿ."

ತೆಗೆದೆ. ನಾನು ನಿಂತಿದ್ದ ಜಾಗದಲ್ಲಿ ಕುಳಿ ಮಾಡಿ, ನಾಲ್ಕು ಕಾಳು ಹಾಕಿ, ಹಿಮ್ಮಡಿಯಿಂದ ಮಣ್ಣು ಮುಚ್ಚಿ ಮುಂದೆ ಹೋದಳು. ಬೆರ್ಮೂದೊನ ಕೈ ಕೊಡಲಿಯ ಮೇಲಿದೆ. ಪೆರಾಲ್ಟನ ಲೇಖನಿಯಲ್ಲಿ ಶಾಯಿ ಇನ್ನೂ ಹಸಿ.

ಓದುಗರೇ, ನೀವೂ ಸ್ವಲ್ಪ ಆ ಕಡೆ ಸರಿಯಿರಿ. ನೀವು ನಿಂತಿರುವುದು ಮೂರನೆಯ ಸಾಲಿನಲ್ಲಿ.