ಮಂಟಯ್ಯನ ಉಸಿರು

ಕುದುರೆಯ ಮೂಗಿನಿಂದ ಇಳಿಯುವ ಕೀವು ಕೈಗೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ಹಲಸಿನ ಮೇಣದಂಥ ಅಂಟು. ಭದ್ರಮ್ಮ ಸೋಪು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ಕೊನೆಗೆ ತೆಂಗಿನ ನಾರು ಹಿಡಿದು ಚರ್ಮ ಕೆಂಪಾಗುವ ತನಕ ತಿಕ್ಕಿದಳು. ನಾತ ಹೋಗಲಿಲ್ಲ. ಮಧ್ಯಾಹ್ನ ಮುದ್ದೆ ಮುರಿಯಲು ಕೈ ತಟ್ಟೆಗೆ ಹೋದರೆ ಅಲ್ಲೂ ಅದೇ ನಾತ. ಥೂ ಅಂತ ಎದ್ದು ಹೋಗಿ ಲಾಯದ ಹಿಂದೆ ವಾಂತಿ ಮಾಡಿಕೊಂಡಳು.

"ಉಣ್ಣೋ ವೊತ್ನಲ್ಲಿ ಅದೇನಮ್ಮಿ ನಿಂದು?" ಜತೆಯಲ್ಲಿ ಲದ್ದಿ ಬಾಚುವ ಬೀರಮ್ಮ ಕೇಳಿದಳು.

"ಆ ಬಿಳಿ ಕುದ್ರೆ ಕಣಕ್ಕ. ಮೂಗ್ನಲ್ಲಿ ಅದೇನ್ ಸುರೀತದೋ ಸಿವ್ನೆ. ಒಂದು ಬಕೀಟು ಅರಿವೆ ಒಗ್ದು ಬಂದೆ."

"ಡಾಕ್ಟ್ರು ಏನಂದ್ರು?"

"ನೆಗ್ಡಿ ಅಂದ್ರು."

"ನೆಗ್ಡಿಗೆ ಯಾರಾದ್ರೂ ಕೈಗೆ ಎರಡೆರಡು ಗ್ಲೋಸು ಆಕ್ಕಂಡು ಮಾರು ದೂರ ನಿಂತ್ಕತಾರಾ?"

ಬೀರಮ್ಮನ ಈ ಮಾತು ಅವತ್ತು ಭದ್ರಮ್ಮನ ತಲೆಗೆ ಹೋಗಲಿಲ್ಲ. ಹೋಗಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಕೋಟೆ ಪಟ್ಟಣದಿಂದ ಬೀಚನಹಳ್ಳಿಗೆ ಹೋಗುವ ದಾರಿಯಲ್ಲಿ ಡಾಕ್ಟರ್ ರುದ್ರಸ್ವಾಮಿಯವರ ಕುದುರೆ ಆಸ್ಪತ್ರೆ ಇದೆ. ಹನ್ನೆರಡು ವರ್ಷದ ಹಿಂದೆ ನಾಲ್ಕು ತಗಡಿನ ಶೀಟಿನ ಕೆಳಗೆ ಶುರುವಾದದ್ದು. ಈಗ ಇಪ್ಪತ್ತೆರಡು ಲಾಯ, ಆಪರೇಷನ್ ಥಿಯೇಟರು, ಕುದುರೆಗೇ ಅಂತ ಎಕ್ಸ್‌ರೇ, ಕುದುರೆಗೇ ಅಂತ ಆಂಬುಲೆನ್ಸು. ಹಿನ್ನೀರಿನ ದಡದ ರೆಸಾರ್ಟುಗಳ ಸವಾರಿ ಕುದುರೆ, ಹುಣಸೂರು ಕಡೆಯ ಫಾರ್ಮ್‌ಹೌಸುಗಳ ಶೋಕಿ ಕುದುರೆ, ರೇಸು ಓಡಿ ಕಾಲು ಸೋತ ಕುದುರೆ, ಎಲ್ಲ ಇಲ್ಲಿಗೇ ಬರಬೇಕು. ಲಾಯಕ್ಕೊಂದು ಫ್ಯಾನು ತಿರುಗುತ್ತದೆ. ಮೂವತ್ತು ಜನ ಕೂಲಿಯವರಿಗೆ ಒಂದು ಕಕ್ಕಸಿಲ್ಲ. ಗಂಡಸರು ಹೆಂಗಸರು ಅನ್ನದೆ ಪಕ್ಕದ ಜೋಳದ ಹೊಲಕ್ಕೆ ಓಡಬೇಕು.

ಆಸ್ಪತ್ರೆಗೆ ಇಷ್ಟು ಹೆಸರು ಬಂದದ್ದು ಯಾರಿಂದ ಅಂದರೆ ಎಲ್ಲರೂ ಡಾಕ್ಟರ ಹೆಸರು ಹೇಳುತ್ತಾರೆ. ಸುಳ್ಳು. ಬಂದದ್ದು ಭದ್ರಮ್ಮನ ಗಂಡ ಮಂಟಯ್ಯನಿಂದ. ಎಂಥ ಒದೆಯುವ ಕುದುರೆಯಿರಲಿ, ಕಚ್ಚುವ ಕುದುರೆಯಿರಲಿ, ಮಂಟಯ್ಯ ಬರಿಗೈಯಲ್ಲಿ ಹತ್ತಿರ ಹೋಗಿ ಅದರ ಮೂಗಿಗೆ ತನ್ನ ಮೂಗು ತಾಕಿಸಿ ನಿಲ್ಲುತ್ತಿದ್ದ. ಮೆಲ್ಲಗೆ ಉಸಿರು ಬಿಡುತ್ತಿದ್ದ. ಅದು ಬಿಟ್ಟ ಉಸಿರನ್ನು ತಾನು ಎಳೆದುಕೊಳ್ಳುತ್ತಿದ್ದ. ಹತ್ತು ಸಲ, ಇಪ್ಪತ್ತು ಸಲ. ಕುದುರೆಯ ಕಿವಿ ಇಳಿಯುತ್ತಿತ್ತು, ತಲೆ ಅವನ ಹೆಗಲ ಮೇಲೆ ಬೀಳುತ್ತಿತ್ತು. ಆಮೇಲೆ ಸೂಜಿ ಚುಚ್ಚಿದರೂ ಸರಿ, ಹಲ್ಲು ಉಜ್ಜಿದರೂ ಸರಿ, ಮಿಸುಕುತ್ತಿರಲಿಲ್ಲ. ಮತ್ತಿನ ಇಂಜೆಕ್ಷನ್ನೇ ಬೇಡ. ಬಂದ ದಿನವೇ ಕುದುರೆ ವಾಪಸು ಸವಾರಿಗೆ ಹೋಗಬಹುದು. ರೆಸಾರ್ಟಿನವರಿಗೆ ಇನ್ನೇನು ಬೇಕು?

ಡಾಕ್ಟರು ಇದನ್ನು ವಿಡಿಯೋ ಮಾಡಿಸಿ 'ರುದ್ರಸ್ವಾಮಿ ಮೆಥಡ್' ಅಂತ ಹೆಸರಿಟ್ಟು ಬೆಂಗಳೂರಿನಲ್ಲಿ ಭಾಷಣ ಮಾಡಿ ಬಂದರು. ಆಸ್ಪತ್ರೆಯ ಬಾಗಿಲಲ್ಲಿ ಆಳೆತ್ತರದ ಪಟ ಹಾಕಿಸಿದರು. ಪಟದಲ್ಲಿ ಕುದುರೆ ಇದೆ, ಡಾಕ್ಟರಿದ್ದಾರೆ. ಮಂಟಯ್ಯನ ಮೊಣಕೈ ಮಾತ್ರ ಇದೆ.

ಆ ಬಿಳಿ ಕುದುರೆ ಬಂದದ್ದು ಹಿನ್ನೀರಿನ ದೊಡ್ಡ ರೆಸಾರ್ಟಿನಿಂದ. ಮೂಗಿನಲ್ಲಿ ಕೀವು, ಹಿಂಗಾಲಿನ ಉದ್ದಕ್ಕೂ ಗಂಟು, ಕೆಲವು ಒಡೆದು ರಸಿಗೆ ಸೋರುತ್ತಿತ್ತು. ನೋಡಿದ ತಕ್ಷಣ ಡಾಕ್ಟರ ಮುಖ ಕಪ್ಪಿಟ್ಟಿತು. ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಅವತ್ತಿನಿಂದ ಅವರು ಲಾಯದ ಬಾಗಿಲಲ್ಲೇ ನಿಲ್ಲುವುದು. ಸೂಜಿ ಹಾಕುವಾಗ ಮಾತ್ರ ಮೈಯೆಲ್ಲ ಮುಚ್ಚಿಕೊಂಡು ಒಳಗೆ ಬಂದು ಓಡುವುದು.

"ಮಂಟಯ್ಯ, ಉಸಿರು ಕೊಡೋ. ತುಂಬ ಗಾಬರಿ ಮಾಡ್ಕೊಂಡಿದೆ."

"ಬುದ್ಧಿ, ಉಸ್ರು ಬಲೇ ನಾತ ಒಡೀತದೆ."

"ನೆಗಡಿ ಕಣೋ. ಮತ್ತು ಕೊಟ್ರೆ ಇದರ ಎದೆ ತಡೆಯಲ್ಲ. ನಿನ್ನ ಕೈಲೇ ಆಗ್ಬೇಕು. ಇಡೀ ಜಿಲ್ಲೇಲಿ ನಿನ್ನಂಥೋನು ಇನ್ನೊಬ್ಬ ಇದ್ದಾನಾ?"

ಮೂಗಿಗೆ ತುಪ್ಪ ಸವರುವುದು ಅಂದರೆ ಇದು. ಮಂಟಯ್ಯ ಹಿಗ್ಗಿಹೋದ. ಹನ್ನೊಂದು ದಿನ, ದಿನಕ್ಕೆ ಎರಡು ಸಲ, ಆ ಕೊಳೆತ ಮೂಗಿಗೆ ಮೂಗು ಕೊಟ್ಟು ನಿಂತ. ಪಾಪ, ಅವನಿಗೆ ಆ ಕುದುರೆಯ ಮೇಲೆ ಮರುಕವೂ ಇತ್ತು.

ಹನ್ನೆರಡನೆಯ ದಿನ ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ ಡಾಕ್ಟರು ಕುದುರೆಗೆ ಸಾವಿನ ಸೂಜಿ ಹಾಕಿದರು. ಜೆಸಿಬಿ ಬಂದು ಹಿತ್ತಲಲ್ಲಿ ಗುಂಡಿ ತೋಡಿತು. ಭದ್ರಮ್ಮ ಬೀರಮ್ಮ ಸೇರಿ ಮೂಟೆ ಮೂಟೆ ಸುಣ್ಣ ಸುರಿದರು.

"ಯಾರಾದ್ರೂ ಕೇಳಿದ್ರೆ ಕುದುರೆ ರೆಸಾರ್ಟಿಗೆ ವಾಪಸ್ ಹೋಯ್ತು ಅನ್ನಿ," ಡಾಕ್ಟರು ಹೇಳಿದರು. ದೊಡ್ಡವರ ವ್ಯವಹಾರ, ನಮಗ್ಯಾಕೆ ಅಂತ ಎಲ್ಲರೂ ಸುಮ್ಮನಾದರು.

ಮಂಟಯ್ಯನಿಗೆ ಜ್ವರ ಬಂತು. ಆಮೇಲೆ ಕೆಮ್ಮು. ಆಮೇಲೆ ಮೊಣಕೈ ಹತ್ತಿರ ಅವರೆಕಾಳಿನಷ್ಟು ಒಂದು ಗಂಟು, ಅದರ ಮೇಲೆ ಇನ್ನೊಂದು. ಒಂದು ಬೆಳಗ್ಗೆ ಗಂಟು ಒಡೆಯಿತು. ಭದ್ರಮ್ಮ ಬಿಸಿನೀರಲ್ಲಿ ಅರಿವೆ ಅದ್ದಿ ಒರೆಸುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು. ಅದೇ ಅಂಟು, ಅದೇ ನಾತ.

ಡಾಕ್ಟರಿಗೆ ಹೇಳಿ ಕಳಿಸಿದಳು. ಜೀಪು ಬಂತು. ಡಾಕ್ಟರು ಇಳಿದರು, ಹೊಸ್ತಿಲು ತುಳಿಯಲಿಲ್ಲ. ಮುಖಕ್ಕೆ ಮಾಸ್ಕು, ಅಂಗಳದ ಆಚೆಯಿಂದಲೇ ಮಾತು.

"ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗು ಭದ್ರಮ್ಮ. ಆದ್ರೆ ಅಲ್ಲಿ ಕುದುರೆ ವಿಷಯ ಎತ್ತಬೇಡ. ಎತ್ತಿದ್ರೆ ನಮ್ಮ ಆಸ್ಪತ್ರೆಗೆ ಬೀಗ ಜಡೀತಾರೆ. ಮೂವತ್ತು ಮನೆ ಅನ್ನ ನಿನ್ನ ಬಾಯಿಂದ ಹೋಗುತ್ತೆ, ನೋಡು."

ಅನ್ನದ ಮಾತು ಬಂದರೆ ಬಡವರ ಬಾಯಿ ಮುಚ್ಚುತ್ತದೆ. ಅದು ಅವನಿಗೆ ಗೊತ್ತು. ಅವನಿಗೆ ಅನ್ನುತ್ತಿದ್ದೇನೆ, ಅವರಿಗೆ ಅನ್ನಲು ಇನ್ನು ನನ್ನ ನಾಲಿಗೆ ಹೊರಳುವುದಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಗಂಟು ನೋಡಿದಳು, ಎದೆಯ ಫೋಟೋ ನೋಡಿದಳು, ಹುಬ್ಬು ಗಂಟಿಕ್ಕಿದಳು.

"ಏನು ಕೆಲಸ ಮಾಡ್ತಾರಮ್ಮ ನಿಮ್ಮ ಯಜಮಾನ್ರು?"

"ಕೂಲಿ ಕಣವ್ವ. ಸುಂಟಿ ಒಲದಲ್ಲಿ."

"ದನ, ಕುರಿ, ಪ್ರಾಣಿಗಳ ಜತೆ ಏನಾದ್ರೂ?"

ಭದ್ರಮ್ಮ ನೆಲ ನೋಡಿದಳು. ಮೂವತ್ತು ಮನೆ ಕಣ್ಣ ಮುಂದೆ ಬಂದವು. "ಇಲ್ಲ ಕಣವ್ವ," ಅಂದಳು.

ಡಾಕ್ಟರಮ್ಮ ಟಿಬಿ ಇರಬಹುದು ಅಂತ ಮಾತ್ರೆ ಶುರು ಮಾಡಿದಳು. ಎಂಟು ದಿನ ಕಳೆಯಿತು. ಮಂಟಯ್ಯ ಇಳಿಯುತ್ತಲೇ ಹೋದ. ಉಸಿರಾಡಲು ಮೂಗಿಗೆ ಪೈಪು ಬಂತು.

ಒಂಬತ್ತನೆಯ ದಿನ ಗೌತಮಿ ಬಂದಳು. ಕುದುರೆ ಆಸ್ಪತ್ರೆಯ ಆಫೀಸಿನಲ್ಲಿ ಕಂಪ್ಯೂಟರ್ ಒತ್ತುವ ಹುಡುಗಿ. ಮಂಟಯ್ಯನ ಕೈ ನೋಡಿ ಅಳುವುದಕ್ಕೆ ಶುರು ಮಾಡಿದಳು.

"ಅಕ್ಕ, ಆ ಕುದುರೆ ರಿಪೋರ್ಟು ಬಂದು ತಿಂಗಳಾಯ್ತು. ನೆಗಡಿ ಅಲ್ಲ. ಗ್ಲ್ಯಾಂಡರ್ಸ್ ಅಂತ. ಮನುಷ್ಯರಿಗೂ ಅಂಟುತ್ತೆ, ಜೀವ ತೆಗೆಯುತ್ತೆ. ಸರ್ಕಾರಕ್ಕೆ ತಿಳಿಸ್ಬೇಕು, ಕುದುರೆ ಒಂದೂ ಆಚೆ ಬಿಡಬಾರ್ದು, ಜತೆಗಿದ್ದ ಜನರ ರಕ್ತ ಎಲ್ಲ ಟೆಸ್ಟ್ ಮಾಡಿಸ್ಬೇಕು ಅಂತ ಅದರಲ್ಲೇ ಬರ್ದಿದ್ದಾರೆ. ಸರ್ ನನ್ನ ಕೈಲಿ ಡಿಲೀಟ್ ಮಾಡಿಸಿದ್ರು. ಮಾಡೋಕೆ ಮುಂಚೆ ನಾನು ಫೋಟೋ ತೆಕ್ಕೊಂಡೆ. ಇಷ್ಟು ದಿನ ಹೆದರ್ಕೊಂಡು ಇಟ್ಕೊಂಡಿದ್ದೆ."

"ಯಾರ್ ರಕ್ತನೂ ತಗೀನಿಲ್ವಲ್ಲವ್ವ?"

"ತೆಗೆದ್ರು ಅಕ್ಕ. ಸರ್ ಮೈಸೂರಿಗೆ ಹೋಗಿ ತಮ್ಮದು ಕೊಟ್ರು. ಅವ್ರ ಹೆಂಡ್ತಿದು ಕೊಟ್ರು." ಹುಡುಗಿ ಮೂಗು ಒರೆಸಿಕೊಂಡಳು. "ಮನೆ ನಾಯಿದೂ ತೆಗೆಸಿದ್ರು."

ಆ ಕೀವು ಬಳಿದಾಗಲೂ ಭದ್ರಮ್ಮನಿಗೆ ಇಷ್ಟು ಹೇಸಿಗೆ ಆಗಿರಲಿಲ್ಲ. ನಾಯಿಯ ರಕ್ತ! ಹನ್ನೆರಡು ವರ್ಷ ಮೂಗಿಗೆ ಮೂಗು ಕೊಟ್ಟವನು ಆ ನಾಯಿಗೂ ಕಡೆಯಾದ.

ಡಾಕ್ಟರಮ್ಮನಿಗೆ ಎಲ್ಲ ಹೇಳಲು ಅವಳು ಎದ್ದಾಗ ಪೈಪಿನ ಕೆಳಗೆ ಮಂಟಯ್ಯ ತಲೆಯಾಡಿಸಿದ. "ಬ್ಯಾಡ ಕಣಮ್ಮಿ... ಉಂಡ ಮನೆ ಜಂತೆ ಎಣಿಸ್ಬಾರ್ದು."

"ನೀ ಸುಮ್ಕಿರು. ನೀನೆಲ್ಲಿ ಉಂಡೆ? ಅವ್ನು ಉಂಡ. ನಿನ್ನೇ ಉಂಡ."

ಗೌತಮಿಯ ಫೋನು ಹಿಡಿದು ಡಾಕ್ಟರಮ್ಮನ ಮುಂದೆ ಹೋಗಿ ನಿಂತಳು. "ಅವ್ವ, ನಾನ್ ಸುಳ್ಳೇಳ್ದೆ. ನನ್ ಗಂಡ ಕುದ್ರೆ ಕೆಲ್ಸದೋನು. ಈ ಸೀಕಿನ ಕುದ್ರೆ ಉಸ್ರು ಕುಡ್ದವನೆ. ಬರ್ಕಳಿ."

ಡಾಕ್ಟರಮ್ಮ ಫೋಟೋ ನೋಡಿ ಕುರ್ಚಿಯಿಂದ ಎದ್ದಳು. ಔಷಧಿ ಬದಲಾಯಿಸಿದಳು, ಮೈಸೂರಿಗೆ ಕಳಿಸಲು ಬರೆದಳು, ಎಲ್ಲೆಲ್ಲಿಗೋ ಫೋನು ಮಾಡಿದಳು. "ಎಂಟು ದಿನ ಮುಂಚೆ ಹೇಳಿದ್ರೆ..." ಅಂತ ಶುರು ಮಾಡಿ, ಭದ್ರಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಭದ್ರಮ್ಮ ಗಂಡನ ಜತೆಗೆ ಮೈದುನನನ್ನು ಮೈಸೂರಿಗೆ ಕಳಿಸಿ ತಾನೂ ಹಿಂದೆಯೇ ಹೊರಡುವುದು ಅಂತಿದ್ದಳು. ಅಷ್ಟರಲ್ಲಿ ಮರುದಿನ ಬೆಳಗ್ಗೆ ಗೌತಮಿಯ ಫೋನು. "ಅಕ್ಕ, ಪಶು ಇಲಾಖೆಯವರು ಮಧ್ಯಾಹ್ನ ಬರ್ತಾರಂತೆ. ಅಷ್ಟರೊಳಗೆ ಎಲ್ಲ ಕುದುರೆ ವಾಪಸ್ ಕಳಿಸ್ತಿದ್ದಾರೆ. ಲಾರಿ ಬಂದು ನಿಂತಿವೆ."

ಇಪ್ಪತ್ತೆರಡು ಕುದುರೆ ಇಪ್ಪತ್ತು ಊರಿಗೆ ಹೋದರೆ ಅಲ್ಲೆಲ್ಲ ಮೂಗು ಒರೆಸುವವರು ಯಾರು? ಭದ್ರಮ್ಮನಂಥವರೇ. ಉಸಿರು ಕೊಡುವವರು ಯಾರು? ಮಂಟಯ್ಯನಂಥವರೇ. ಸಿಕ್ಕಿದ ಆಟೋ ಹತ್ತಿ ಬಂದಳು.

ಗೇಟಿನ ಒಳಗೆ ಆಸ್ಪತ್ರೆಯ ಟ್ರಾಕ್ಟರ್ ಓಡಿಸುವ ಮಾದೇಶ ಟ್ರೇಲರಿಗೆ ಲದ್ದಿ ತುಂಬಿಸಿಕೊಂಡು ಹೊರಟಿದ್ದ. ಭದ್ರಮ್ಮ ಅಡ್ಡ ನಿಂತಳು. ಎಲ್ಲರಿಗೂ ಕೇಳುವ ಹಾಗೆ ವಿಷಯ ಕೂಗಿ ಹೇಳಿದಳು. ಕುದುರೆಯ ಸೀಕು, ಮುಚ್ಚಿಟ್ಟ ರಿಪೋರ್ಟು, ನಾಯಿಯ ರಕ್ತ. ಕೆಲಸದವರು ಒಬ್ಬೊಬ್ಬರೇ ಪೊರಕೆ, ಬಕೀಟು ಕೆಳಗಿಟ್ಟರು. ಒಬ್ಬ ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಆಸ್ಪತ್ರೆ ಮುಚ್ಚಿದ್ರೆ ನಮ್ ಗತಿ ಏನಮ್ಮಿ?" ಯಾರೋ ಕೇಳಿದರು.

ಬೀರಮ್ಮ ತಿರುಗಿಬಿದ್ದಳು. "ಎದೇಲಿ ಕೀವು ತುಂಬ್ಕಂಡು ಯಾವ ಕೂಲಿಗೋಯ್ತೀಯಲಾ? ಮಾದೇಸ, ಸುರಿಯಲಾ ಇಲ್ಲೇ!"

ಮಾದೇಶ ಟ್ರೇಲರನ್ನು ಹಿಮ್ಮುಖ ತಿರುಗಿಸಿ ಲಿವರು ಎಳೆದ. ಒಂದು ಲೋಡು ಹಸಿ ಲದ್ದಿ ಗೇಟಿನ ಬಾಯಿಗೆ ದಬದಬ ಬಿತ್ತು. ಹೊರಗಿನ ಲಾರಿ ಹೊರಗೇ, ಒಳಗಿನ ಕುದುರೆ ಒಳಗೇ.

ರುದ್ರಸ್ವಾಮಿ ಓಡಿ ಬಂದ. "ಯಾರೇ ನೀನು ತಡೆಯೋಕೆ? ತೆಗೀರೋ ಇದನ್ನ! ಪೊಲೀಸ್ ಕರೆಸ್ತೀನಿ!"

"ಕರ್ಸಿ ಬುದ್ಧಿ. ನಿಮ್ ನಾಯಿನೂ ಕರ್ಸಿ," ಅಂದಳು ಭದ್ರಮ್ಮ.

ಯಾರೋ ನಕ್ಕರು. ಆ ಅಂಗಳದಲ್ಲಿ ರುದ್ರಸ್ವಾಮಿಯ ಎದುರಿಗೆ ಕೂಲಿಯವರು ನಕ್ಕದ್ದು ಅದೇ ಮೊದಲು. ಅವನು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಕುದುರೆಗಳಿಗೆ ಹುಲ್ಲು ನೀರು ಮಾತ್ರ ತಪ್ಪಲಿಲ್ಲ. ಅವೇನು ಮಾಡಿದ್ದವು ಪಾಪ? ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೆಂಗಸರೇ ಹಾಕಿದರು.

ಮಧ್ಯಾಹ್ನ ಇಲಾಖೆಯ ತಂಡ ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು. ಲದ್ದಿ ಗುಡ್ಡೆ ಹತ್ತಿ ಇಳಿದು ಒಳಗೆ ಹೋದರು. ಇಪ್ಪತ್ತೆರಡು ಕುದುರೆಯ ರಕ್ತ ತೆಗೆದರು. ಒಂದೊಂದು ಕೊಳವೆಯ ಮೇಲೂ ಕುದುರೆಯ ಹೆಸರು, ವಯಸ್ಸು, ಬಣ್ಣ ಬರೆದರು. ಐಸಿನ ಪೆಟ್ಟಿಗೆಯಲ್ಲಿ ಜೋಡಿಸಿ ಹೊರಟರು.

"ಸಾ, ನಮ್ದು?" ಭದ್ರಮ್ಮ ಕೇಳಿದಳು.

"ಏನು ನಿಮ್ದು?"

"ರಕ್ತ."

ಅಧಿಕಾರಿ ಹಿಂದೆ ನಿಂತಿದ್ದ ಮೂವತ್ತು ಜನರನ್ನು ಒಮ್ಮೆ ನೋಡಿದ. "ಮನುಷ್ಯರದು ನಮ್ಮ ಇಲಾಖೆ ಅಲ್ಲಮ್ಮ. ಅದಕ್ಕೆ ಬೇರೆಯವರು ಬರ್ಬೇಕು. ಲೆಟರ್ ಹಾಕ್ತೀವಿ."

"ಯಾವಾಗ ಬತ್ತಾರೆ?"

"ಅದನ್ನ ನಾವು ಹೇಳೋಕಾಗಲ್ಲ."

ಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇಟಿನ ಬಾಯಲ್ಲಿ ಆ ಲದ್ದಿಯ ಮೇಲೇ ಕೂತಳು. ಬೀರಮ್ಮ ಬಂದು ಪಕ್ಕದಲ್ಲಿ ಕೂತಳು. ಮಾದೇಶ ಕೂತ. ಗೌತಮಿ ಚೂಡಿದಾರು ಮಡಿಸಿಕೊಂಡು ಕೂತಳು. ನೋಡುನೋಡುತ್ತ ಕಾಲಿಡಲು ಜಾಗ ಉಳಿಯಲಿಲ್ಲ.

"ಅಂಗಾದ್ರೆ ನೀವೂ ಕುಂತ್ಕಳಿ ಸಾ," ಅಂದಳು ಭದ್ರಮ್ಮ. "ಆ ಬ್ಯಾರೇರು ಬರೋಗಂಟ ಕುದ್ರೆನೂ ಆಚಿಕೋಗಕಿಲ್ಲ, ಕುದ್ರೆ ರಕ್ತನೂ ಓಗಕಿಲ್ಲ, ನೀವೂ ಓಗಕಿಲ್ಲ. ಪೋನ್ ಮಾಡಿ."

ಅಧಿಕಾರಿ ಕುದುರೆ ರಕ್ತದ ಪೆಟ್ಟಿಗೆಯನ್ನು ಕೆಳಗಿಟ್ಟು ಫೋನು ತೆಗೆದ.