ಬೆರಳಿಗೆ ಬಳಿದ ನೀಲಿ

ಹನ್ನೊಂದು ವರ್ಷ ಒಂದೇ ಸುಳ್ಳು ಹೇಳಿಕೊಂಡು ಬಂದವನಿಗೆ ಅದು ಸುಳ್ಳೆಂಬುದೇ ಮರೆತುಹೋಗಿರುತ್ತದೆ. ಪ್ರೊಕಿಪನಿಗೂ ಮರೆತಿತ್ತು, ಮಗಳು ಸೊಲೊಮಿಯಾ "ಈ ಸಲ ನಾನೂ ಬರ್ತೀನಪ್ಪ" ಎಂದು ಹೊರಟು ನಿಲ್ಲುವ ತನಕ.

ಈಸ್ಟರ್ ಕಳೆದ ಮೇಲೆ ಹಿರಿಯರ ದಿನ ಬರುತ್ತದೆ. ಅವತ್ತು ಚೆರ್ನೋಬಿಲ್ ಸುತ್ತಲಿನ ನಿಷೇಧಿತ ಪ್ರದೇಶದ ಗೇಟು ತೆರೆಯುತ್ತಾರೆ. ಊರು ಬಿಟ್ಟವರೆಲ್ಲ ಬುತ್ತಿ ಕಟ್ಟಿಕೊಂಡು ತಮ್ಮವರ ಗೋರಿಗಳಿಗೆ ಹೋಗಿ, ಸತ್ತವರ ಜೊತೆ ಕೂತು ಉಂಡು ಬರುತ್ತಾರೆ. ಪ್ರೊಕಿಪನ ಹೆಂಡತಿಯೂ ಪ್ರತಿ ವರ್ಷ ಬಣ್ಣ ಹಾಕಿದ ಮೊಟ್ಟೆ, ಸಿಹಿ ರೊಟ್ಟಿ, ಸಾಸೇಜು, ಒಂದು ಬಾಟಲಿ ವೋಡ್ಕಾ ಬುಟ್ಟಿಗೆ ತುಂಬಿ ಅವನನ್ನು ಅಮ್ಮನ ಗೋರಿಗೆ ಕಳಿಸುತ್ತಿದ್ದಳು. ಅವನು ಕೀವ್ ನಗರದ ಅಂಚಿನಲ್ಲಿ ಕಾರು ನಿಲ್ಲಿಸಲು ಇಟ್ಟುಕೊಂಡಿದ್ದ ಗ್ಯಾರೇಜಿಗೆ ಹೋಗಿ, ಗೆಳೆಯರ ಜೊತೆ ಅದನ್ನೆಲ್ಲ ಖಾಲಿ ಮಾಡಿ, ಮೂಲೆಯಲ್ಲಿದ್ದ ನೀಲಿ ಬಣ್ಣದ ಡಬ್ಬಿಗೆ ಬೆರಳದ್ದಿಕೊಂಡು ಮನೆಗೆ ಮರಳುತ್ತಿದ್ದ. "ಅಮ್ಮನ ಗೋರಿಯ ಬೇಲಿಗೆ ಬಣ್ಣ ಹೊಡೆದು ಬಂದೆ" ಅನ್ನುತ್ತಿದ್ದ. ಹೆಂಡತಿ ಪಾಪ, ಸೀಮೆಎಣ್ಣೆ ಹಾಕಿ ಆ ಬೆರಳನ್ನು ಉಜ್ಜಿ ಕೊಡುತ್ತಿದ್ದಳು.

ಕೆಟ್ಟವನೇನಲ್ಲ ಅವನು, ಪುಕ್ಕಲ. ಅಮ್ಮ ಫೆದೋರಾ ಗಟ್ಟಿಗಿತ್ತಿ. ಅಣುಸ್ಥಾವರ ಸಿಡಿದಾಗ ಸರ್ಕಾರ ಎಲ್ಲರನ್ನೂ ಎಬ್ಬಿಸಿ ಕಳಿಸಿದರೆ ವರ್ಷದೊಳಗೆ ಕಾಡುದಾರಿ ಹಿಡಿದು ಹಳ್ಳಿಗೆ ವಾಪಸ್ಸಾಗಿ, ಅಲ್ಲೇ ಬದುಕಿ ಅಲ್ಲೇ ಸತ್ತಳು. ಅವಳನ್ನು ಮಣ್ಣು ಮಾಡಿದ ದಿನ ಪ್ರೊಕಿಪ ವಿಕಿರಣ ಸೇರಿದ ಆ ಮಣ್ಣಿಗೆ ಹೆದರಿ ಕೈಗವಸನ್ನೇ ಬಿಚ್ಚಿರಲಿಲ್ಲ. ಮುಂದಿನ ವರ್ಷ ಭಯಕ್ಕೆ ಹೋಗಲಿಲ್ಲ. ಅದರ ಮುಂದಿನ ವರ್ಷ, ಹೋದ ವರ್ಷ ಹೋಗಲಿಲ್ಲವಲ್ಲ ಎಂಬ ನಾಚಿಕೆಗೆ ಹೋಗಲಿಲ್ಲ. ಆಮೇಲೆ ನಾಚಿಕೆ ತನ್ನಷ್ಟಕ್ಕೆ ತಾನೇ ಬೆಳೆಯಿತು.

"ಬಣ್ಣದ ಡಬ್ಬಿ ಮರೆತ್ಯಲ್ಲಪ್ಪ!" ಎಂದು ಸೊಲೊಮಿಯಾ ದಾರಿಯಲ್ಲಿ ಗ್ಯಾರೇಜಿನ ಬಳಿ ಕಾರು ನಿಲ್ಲಿಸಿ, ಅದನ್ನೂ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಪ್ರಿಪ್ಯಾತ್ ಪಟ್ಟಣ ಬಂದಾಗ ಅವನೇ ಕಾರು ನಿಲ್ಲಿಸಲು ಹೇಳಿದ. ಅವಳು ನಾಲ್ಕು ವರ್ಷದವಳಿದ್ದಾಗ ಅವರು ಬಿಟ್ಟು ಬಂದ ಮನೆ ಅಲ್ಲೇ ಇತ್ತು. ಮೆಟ್ಟಿಲಲ್ಲಿ ಬರ್ಚ್ ಗಿಡ ಎದ್ದಿತ್ತು. ಅಡುಗೆಮನೆಯ ಒಲೆಯನ್ನು ಯಾರೋ ಕಿತ್ತೊಯ್ದಿದ್ದರು. ಅವನಿಗೆ ಅದ್ಯಾವುದೂ ಬೇಕಿರಲಿಲ್ಲ, ಹೊತ್ತು ಕಳೆದರೆ ಸಾಕಿತ್ತು. ಇದು ಬೇಕರಿ, ಇದು ಈಜುಕೊಳ, ಇಲ್ಲಿ ನಿನ್ನಮ್ಮ ಜಾರಿ ಬಿದ್ದಿದ್ದಳು ಎಂದು ಪಾಳುಬಿದ್ದ ಬೀದಿಯಲ್ಲೆಲ್ಲ ಮಗಳನ್ನು ಸುತ್ತಿಸಿದ.

"ಸಾಕು ಬಾರಪ್ಪ, ಅಜ್ಜಿ ಕಾಯ್ತಿರ್ತಾಳೆ" ಎಂದಳು ಅವಳು.

ಹಳ್ಳಿಯ ಸ್ಮಶಾನದಲ್ಲಿ ಅಲ್ಲಲ್ಲಿ ಜನ ಟೇಬಲ್ ಬಟ್ಟೆ ಹಾಸಿ ಊಟಕ್ಕೆ ಕೂತಿದ್ದರು. ಒಂದು ದೊಡ್ಡ ಮರದ ಹತ್ತಿರ ಎಂಬುದಷ್ಟೇ ಪ್ರೊಕಿಪನಿಗೆ ನೆನಪಿತ್ತು. ಮರ ಸಿಕ್ಕಿತು. ಅದರ ಪಕ್ಕ ಲೈಲಾಕ್ ಪೊದೆಯೊಳಗೆ ತುಕ್ಕು ಹಿಡಿದ ಶಿಲುಬೆಯೊಂದು ವಾಲಿಕೊಂಡಿತ್ತು. ಯಾರೂ ದಿಕ್ಕಿಲ್ಲದ ಗೋರಿ, ಇದೇ ಅಮ್ಮನದು.

ಅದರ ಆಚೆ ಇನ್ನೊಂದು ಗೋರಿ. ಬೇಲಿಗೆ ಫಳಫಳ ಹೊಳೆಯುವ ನೀಲಿ ಬಣ್ಣ, ಶಿಲುಬೆಗೆ ಕಸೂತಿಯ ಟವೆಲು. ಹೆಸರಿನ ಫಲಕಕ್ಕೂ ಬಣ್ಣ ಬಳಿದುಹೋಗಿ ಹೆಸರೇ ಕಾಣುತ್ತಿರಲಿಲ್ಲ. ಹತ್ತಿರ ಯಾರೂ ಇರಲಿಲ್ಲ.

"ಇದೇ" ಎಂದು ಅವನು ನೀಲಿ ಬೇಲಿಯ ಕಡೆ ಕೈ ತೋರಿಸಿದ.

ಸೊಲೊಮಿಯಾ ಶಿಲುಬೆಯನ್ನು ತಬ್ಬಿಕೊಂಡಳು. "ಬಂದೆ ಅಜ್ಜಿ" ಎಂದು ಮೊಟ್ಟೆ, ರೊಟ್ಟಿ ಇಟ್ಟಳು. ಕಣ್ಣೊರೆಸಿಕೊಂಡು, "ಎಷ್ಟು ಚೆಂದ ಇಟ್ಕೊಂಡಿದೀಯಪ್ಪ!" ಎಂದಳು. ಪ್ರೊಕಿಪ ಪೊದೆಗೆ ಬೆನ್ನು ಮಾಡಿ ಕೂತ. ಹೆತ್ತವಳನ್ನು ಬೆನ್ನ ಹಿಂದೆ ಬಿಟ್ಟು ಯಾರದೋ ಗೋರಿಯ ಮುಂದೆ ಕೂತಿದ್ದೇನೆಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಮುದುಕಿಯೊಬ್ಬಳು ಕುಂಚ ಹಿಡಿದು ಬಂದಳು. ಈಗಲೂ ಅಲ್ಲೇ ವಾಸವಿದ್ದ ನಾಲ್ಕಾರು ಮಂದಿಯಲ್ಲಿ ಒಬ್ಬಳು, ಪರಾಸ್ಕ.

"ಯಾರವ್ವ ನೀವು, ನಮ್ ಫೆದೋರನ ಹತ್ರ ಕೂತಿರೋರು?"

"ಯಾವ ಫೆದೋರಾ?" ಪ್ರೊಕಿಪ ಬಾಯಿತಪ್ಪಿ ಕೇಳಿದ. ಸೊಲೊಮಿಯಾ ತಟ್ಟನೆ ಅವನತ್ತ ತಿರುಗಿದಳು.

"ಇನ್ಯಾವ ಫೆದೋರಾ! ಕುಂಟು ಹಸ ಸಾಕಿದ್ಲಲ್ಲ, ಅವ್ಳೇ. ಆ ಪೊದೇಲಿರೋದು ನಮ್ ಮೇಷ್ಟ್ರು, ಅವ್ರಿಗೆ ಹಿಂದೆ ಮುಂದೆ ಯಾರೂ ಇಲ್ಲ. ಇವ್ಳಿಗೆ ಒಬ್ಬ ಮಗ ಅವ್ನೆ, ಕೀವ್‌ನಾಗೆ ಟ್ರಾಲಿ ಬಸ್ ಓಡಿಸ್ತಾನಂತೆ. ಮಣ್ಣು ಮಾಡಿ ಹೋದೋನು ಒಂದ್ ಸಲನೂ ಈ ಕಡೆ ತಲೆ ಹಾಕ್ಲಿಲ್ಲ."

ಪ್ರೊಕಿಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸೊಲೊಮಿಯಾ ತಗ್ಗಿದ ದನಿಯಲ್ಲಿ ಕೇಳಿದಳು. "ಹೆಸರು ಯಾಕೆ ಅಳಿಸಿಹೋಗಿದೆ ಅಜ್ಜಿ?"

"ನಂಗೆಲ್ ಓದಕ್ ಬರ್ತದೆ ಮಗಾ? ಕಣ್ಣೂ ಮಂಜು. ಬೇಲಿ ಜೊತೆ ಅದ್ಕೂ ಬಳಿದ್ಬಿಟ್ಟೆ. ಅವ್ಳು ಯಾರು ಅಂತ ಅವ್ಳಿಗ್ ಗೊತ್ತಿಲ್ವಾ!"

"ವರ್ಷಾ ವರ್ಷಾ ನೀವೇ ಬಳಿದ್ರಾ?"

"ಸಾಯೋ ಮುಂಚೆ ನನ್ ಕೈ ಹಿಡ್ಕಂಡು ಹೇಳಿದ್ಲು ಕಣವ್ವ. ನನ್ ಮಗ ಪುಕ್ಕಲ, ಬರಕ್ಕೆ ಹೆದರ್ತಾನೆ. ಆದ್ರೆ ಒಂದಲ್ಲ ಒಂದ್ ದಿನ ಬಂದೇ ಬರ್ತಾನೆ. ಅವತ್ತು ನಾಕ್ ಜನದ ಮುಂದೆ ಅವ್ನಿಗೆ ಅವಮಾನ ಆಗ್ಬಾರ್ದು, ಬೇಲಿಗೆ ಒಂದಿಷ್ಟು ಬಣ್ಣ ಕಾಣಿಸ್ತಾ ಇರು ಅಂತ." ಪರಾಸ್ಕ ಕಣ್ಣು ಕಿರಿದು ಮಾಡಿ ಪ್ರೊಕಿಪನನ್ನು ನೋಡಿದಳು. "ಅದ್ಸರಿ, ನೀವ್ಯಾರು?"

ಸೊಲೊಮಿಯಾಳೇ ಹೇಳಿದಳು. "ನಾನು ಮೊಮ್ಮಗಳು ಅಜ್ಜಿ. ಇವ್ರು ಆ ಮಗ."

ಮುದುಕಿ ಬೈಯಲಿಲ್ಲ. "ಬಂದ್ಯಾ" ಎಂದಳು. ಬೇಲಿಯತ್ತ ಕುಂಚ ತೋರಿಸಿ, "ಹಿಂದಿನ್ ಪಕ್ಕ ಬಾಕಿ ಐತೆ, ನನ್ ಬಣ್ಣ ಮುಗೀತು. ನೀವೇನಾದ್ರೂ ತಂದಿದೀರಾ?" ಎಂದು ಕೇಳಿದಳು.

"ಬೇಡ" ಎನ್ನಲು ಹೋದ ಪ್ರೊಕಿಪ. ಸೊಲೊಮಿಯಾ ಆಗಲೇ ಡಬ್ಬಿ ಹೊರತೆಗೆದು ಚಮಚದಿಂದ ಮುಚ್ಚಳ ಮೀಟಿ ತೆಗೆದಿದ್ದಳು. ಹೋದ ವರ್ಷದಿಂದೀಚೆಗೆ ಬಣ್ಣ ಒಣಗಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಡಬ್ಬಿ ತುಂಬ ಇದ್ದದ್ದು ಹಾಗೇ ಇತ್ತು, ನಡುವೆ ಮಾತ್ರ ಒಂದು ಬೆರಳು ಅದ್ದಿದಷ್ಟು ಗುಳಿ.

ಅವಳು ಆ ಗುಳಿಯನ್ನು ನೋಡಿದಳು. ಆಮೇಲೆ ಅಪ್ಪನ ಕೈಯನ್ನು ನೋಡಿದಳು. ಅವನು ಬೆರಳು ಮಡಚಿಕೊಂಡ. ಈಗ ಬೈಯುತ್ತಾಳೆ, ಎಲ್ಲರೆದುರು ಕೂಗಾಡುತ್ತಾಳೆ ಎಂದು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಮುದುಕಿಗೆ ಕಾಣದ ಹಾಗೆ ಮುಚ್ಚಳ ಒತ್ತಿ, ಡಬ್ಬಿಯನ್ನು ಚೀಲಕ್ಕೆ ಸೇರಿಸಿದಳು.

"ತಪ್ಪಾಯ್ತು ಅಜ್ಜಿ, ಅವಸರದಲ್ಲಿ ನಾನೇ ಹಳೇ ಡಬ್ಬಿ ಎತ್ಕೊಂಡು ಬಂದ್ಬಿಟ್ಟೆ" ಎಂದಳು. "ಅಪ್ಪ ಹೊಸದು ತೆಗೆದಿಟ್ಟಿದ್ರು."